ಗಬ್ಬರ್ ಬಂಡೆಯ ಸ್ಥಳನಿರ್ಣಯ: ಒಂದು ಸಂಶೋಧನ ಪ್ರಬಂಧ

ಕುಷ್ಟಗಿ ಸೀಮೆಯಲ್ಲಿ 'ಒಂದು ದಿನದ ಟ್ರಿಪ್' ಎಂಬುದಕ್ಕೆ ಶಾಸ್ತ್ರೋಕ್ತ ಲಕ್ಷಣವಿದೆ. ರಾತ್ರಿ ಊಟ ಮುಗಿಸಿ ಬಸ್ ಹತ್ತಬೇಕು, ಮರುದಿನ ಹಗಲೆಲ್ಲ ನೋಡಬೇಕು, ಮತ್ತೆ ರಾತ್ರಿ ಬಸ್ಸಿನಲ್ಲೇ ತೂಕಡಿಸಿ ಮೂರನೇ ದಿನದ ನಸುಕಿಗೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣುಜ್ಜುತ್ತ ಇಳಿಯಬೇಕು. ನಡುವಿನ ಎರಡು ರಾತ್ರಿ ಲೆಕ್ಕಕ್ಕಿಲ್ಲ. ಲಾಡ್ಜಿಗೆ ದುಡ್ಡು ಕೊಡದ ರಾತ್ರಿ ರಾತ್ರಿಯೇ ಅಲ್ಲ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ.

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಅಂಥದೊಂದು ಟ್ರಿಪ್ಪಿಗೆ ಸೀಮಿತ: ಹೊಸಪೇಟೆ, ಚಿತ್ರದುರ್ಗ, ಬೆಂಗಳೂರು ದಾಟಿ, ನಾನೂರು ಕಿ.ಮೀ.ಗೂ ಮಿಕ್ಕ ದಾರಿ ಸವೆಸಿ ತಲುಪುವ ರಾಮನಗರದ ರಾಮದೇವರ ಬೆಟ್ಟ. ಜನರ ಬಾಯಲ್ಲಿ ಅದು 'ಶೋಲೆ' ಬೆಟ್ಟ.

ಮೊದಲು ಕಾಲನಿರ್ಣಯ. ಕ್ರಿ.ಶ. 1973ರ ಅಕ್ಟೋಬರ್ 3ರಂದು ರಮೇಶ್ ಸಿಪ್ಪಿ ಇಲ್ಲಿ ಹಿಂದಿ ಸಿನಿಮಾ 'ಶೋಲೆ'ಯ ಚಿತ್ರೀಕರಣ ಆರಂಭಿಸಿದರು, ಕ್ರಿ.ಶ. 1975ರ ಆಗಸ್ಟ್ 15ರಂದು ಸಿನಿಮಾ ಬಿಡುಗಡೆಯಾಯಿತು. ಸಿನಿಮಾದ ಊರಾದ ರಾಮಗಡ ಸಂಸ್ಥಾನದ ಏಳುಬೀಳು ಈ ಎರಡು ತಾರೀಖುಗಳ ನಡುವೆಯೇ ಮುಗಿದಿದೆ. ನಗರ ನಿರ್ಮಾತೃ ಕಲಾನಿರ್ದೇಶಕ ರಾಮ್ ಯೇಡೇಕರ್. ರಾಮನಗರದ ಒಂದು ಭಾಗವನ್ನು ಜನ ಕೆಲಕಾಲ 'ಸಿಪ್ಪಿ ನಗರ' ಎಂದೇ ಕರೆದದ್ದುಂಟು. ವಿಜಯನಗರ ಅರಸರಿಗೆ ಎರಡು ಶತಮಾನಕ್ಕೂ ಮೀರಿ ಆಳಿದ ಮೇಲೆ ದಕ್ಕಿದ ಕೀರ್ತಿ ಸಿಪ್ಪಿ ವಂಶಕ್ಕೆ ಎರಡು ವರ್ಷ ತುಂಬುವ ಮೊದಲೇ ದಕ್ಕಿತು. ಅದೂ ಯುದ್ಧವಿಲ್ಲದೆ, ಬರೀ ಖಾಲಿ ತೋಟಾ ಹಾರಿಸಿ.

ಇನ್ನು ಅವಶೇಷಗಳ ವಿಚಾರ. ಅವಶೇಷಗಳು ಇಲ್ಲ.

ಹಾಗೆಂದು ಸಂಶೋಧಕ ಎದೆಗುಂದಬೇಕಿಲ್ಲ. ಶೂಟಿಂಗ್ ಮುಗಿದ ಮೇಲೆ ಸೆಟ್ ಉಳಿಯಲಿಲ್ಲ ಎಂಬುದು ನಿಜ. ಆದರೆ ನಮ್ಮ ಮೀಮಾಂಸಕರು ಇಂಥ ಸಂದರ್ಭಕ್ಕೆಂದೇ 'ಅನುಪಲಬ್ಧಿ' ಎಂಬ ಪ್ರಮಾಣವನ್ನು ಎಂದೋ ಸಿದ್ಧಮಾಡಿಟ್ಟಿದ್ದಾರೆ. ನೆಲದ ಮೇಲೆ ಮಡಕೆ ಇಲ್ಲದಿರುವುದೂ ಒಂದು ಜ್ಞಾನ. ಆಟೋದವರು ಕೈಚಾಚಿ "ಅಲ್ಲಿ ನೋಡಿ ಸಾರ್, ಠಾಕೂರ್ ಮನೆ ಅಲ್ಲೇ ಇದ್ದಿದ್ದು" ಎನ್ನುತ್ತಾರೆ. ಬಸ್ಸಿನ ಜನರೆಲ್ಲ ಕುರುಚಲು ಗಿಡಗಳತ್ತ ಮೊಬೈಲ್ ಎತ್ತಿ ಠಾಕೂರನ ಮನೆ ಇಲ್ಲದಿರುವುದರ ಫೋಟೊ ತೆಗೆಯುತ್ತಾರೆ. ವೀರು ಕುಡಿದು ಹತ್ತಿದ ನೀರಿನ ಟಾಕಿ ಇಲ್ಲದ ಜಾಗದಲ್ಲಿ ಒಂದು ಸೆಲ್ಫಿ. ಬಸಂತಿಯ ಟಾಂಗಾ ಓಡದ ರಸ್ತೆಯಲ್ಲಿ ಒಂದು ರೀಲ್ಸ್. ರೈಲಿನ ಹೊಡೆದಾಟ ನಡೆದದ್ದೆಲ್ಲಿ ಎಂದು ರಾಮನಗರ ಸ್ಟೇಷನ್ನಿನಲ್ಲಿ ಕೇಳುವವರಿಗೂ ಕೊರತೆಯಿಲ್ಲ. ಅದನ್ನು ಚಿತ್ರಿಸಿದ್ದು ಮುಂಬೈ–ಪುಣೆ ಮಾರ್ಗದ ಪನ್ವೇಲ್ ಕಡೆ. ಹೀಗಾಗಿ ಇಲ್ಲಿ ಅದರ ಅಭಾವ ಇನ್ನೂ ಪರಿಶುದ್ಧ.

ಜಯಾ ಭಾದುರಿ ದೀಪ ಹಚ್ಚುವ ಒಂದು ದೃಶ್ಯಕ್ಕೆ ಛಾಯಾಗ್ರಾಹಕ ದ್ವಾರಕಾ ದಿವೇಚಾ ಮುಳುಗು ಹೊತ್ತಿನ ಬೆಳಕು ಕಾಯುತ್ತ 20 ದಿನ ಕಳೆದರಂತೆ. ಪ್ರವಾಸಿ ಇಡೀ ರಾಮಗಡಕ್ಕೆ ಕೊಡುವ ಕಾಲ ಡ್ರೈವರ್ ಹಾರ್ನ್ ಹೊಡೆಯುವವರೆಗೆ ಮಾತ್ರ.

ಮುಖ್ಯ ವಿವಾದ ಗಬ್ಬರ್ ಬಂಡೆಯದು. ಡಕಾಯಿತ ಗಬ್ಬರ್ ಆಗಿ ಅಮ್ಜದ್ ಖಾನ್ ಬೆಲ್ಟ್ ಎಳೆದಾಡುತ್ತ ಕೂತೆದ್ದ ಬಂಡೆ ಯಾವುದು? ಆಟೋ ಪಂಥದವರ ಪ್ರಕಾರ ಅದು ರಸ್ತೆಗೆ ಹತ್ತಿರದ್ದು. ಸೆಲ್ಫಿ ಪಂಥದ ಪ್ರಕಾರ ಹಿಂದೆ ಆಕಾಶ ಚೆನ್ನಾಗಿ ಬೀಳುವಂಥದ್ದು. ಹನುಮಸಾಗರ ಕಡೆಯ ಹಿರಿಯರೊಬ್ಬರದು ಮೂರನೇ ಮತ: "ಕುಂದ್ರಾಕ ಸಪಾಟ ಇರಬೇಕಲ್ರಿ, ಅದನ್ನ ಹುಡುಕ್ರಿ ಮೊದ್ಲ." ವಿಧಾನಶಾಸ್ತ್ರದ ದೃಷ್ಟಿಯಿಂದ ಈ ಮೂರನೆಯದೇ ಗಟ್ಟಿ. ಅವರೇ ಒಂದು ಬಂಡೆಯ ಮೇಲೆ ಟವೆಲ್ ಹಾಸಿ, ಕಟಕ ರೊಟ್ಟಿ ಮುರಿದು ಶೇಂಗಾ ಚಟ್ನಿ ಸುರುವಿಕೊಂಡು, ಸುತ್ತ ಕಣ್ಣಾಡಿಸಿ ತೀರ್ಪು ಕೊಟ್ಟರು: "ಇದನ್ನ ನೋಡಾಕ ಇಷ್ಟ್ ದೂರ ಬರಬೇಕಿತ್ತೇನ್ಲೇ? ನಮ್ಮ ಆನೆಗುಂದಿ ಗುಡ್ಡಾನ ಇದ್ದಂಗ ಐತಲ್ಲ!"

ಬಸ್ಸಿನವರು ನಕ್ಕರು. ಭೂವಿಜ್ಞಾನ ನಗುವುದಿಲ್ಲ.

ರಾಮನಗರಕ್ಕೆ ಬ್ರಿಟಿಷರ ಕಾಲದ ಹೆಸರು ಕ್ಲೋಸ್‌ಪೇಟೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಅದೇ ಹೆಸರನ್ನು ಭೂವಿಜ್ಞಾನಿಗಳು ಇಲ್ಲಿನ ಕಲ್ಲಿಗೂ ಇಟ್ಟರು: ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕಲ್ಲಿನ ಪಟ್ಟಿ ದಕ್ಷಿಣದಿಂದ ಉತ್ತರಕ್ಕೆ ನಾನೂರು ಕಿ.ಮೀ. ಆಸುಪಾಸು ಉದ್ದ ಹಬ್ಬಿ ಹಂಪಿ–ಆನೆಗುಂದಿ ಕಡೆಯವರೆಗೂ ಬರುತ್ತದೆ. ಅಂದರೆ ಹಿರಿಯರು ರೊಟ್ಟಿ ತಿನ್ನುತ್ತ ಹೇಳಿದ್ದು ಅಕ್ಷರಶಃ ಸರಿ. ಕುಷ್ಟಗಿಯ ಪ್ರವಾಸಿ ತನ್ನ ಕಡೆಯ ಕಲ್ಲನ್ನೇ ನೋಡಲು, ಹೆಚ್ಚುಕಡಿಮೆ ಆ ಕಲ್ಲಿನ ಗುಂಟವೇ, ರಾತ್ರಿಯಿಡೀ ಪ್ರಯಾಣ ಮಾಡುತ್ತಾನೆ. ರಾಮದೇವರ ಬೆಟ್ಟದ ಬಂಡೆಗೂ ಆನೆಗುಂದಿಯ ಬಂಡೆಗೂ ಇರುವ ವ್ಯತ್ಯಾಸ ಒಂದೇ: ಗಬ್ಬರ್ ಆನೆಗುಂದಿಯಲ್ಲಿ ಕೂರಲಿಲ್ಲ.

ಬೆಟ್ಟಕ್ಕೆ ನಿಜವಾದ ವಾಸಿಗಳೂ ಇದ್ದಾರೆ. ಅವು ಉದ್ದ ಕೊಕ್ಕಿನ ರಣಹದ್ದುಗಳು. 2012ರಲ್ಲಿ ಸರ್ಕಾರ ಇದನ್ನು ರಣಹದ್ದು ಧಾಮವೆಂದು ಘೋಷಿಸಿತು. ಕೆಲವು ವರ್ಷಗಳ ಹಿಂದೆ ರಾಮಗಡವನ್ನು 3ಡಿ ತಂತ್ರಜ್ಞಾನದಲ್ಲಿ ಮತ್ತೆ ಎಬ್ಬಿಸುವ ಯೋಜನೆ ಸುದ್ದಿಯಾದಾಗ ಹದ್ದುಗಳ ಪರವಾಗಿ ಪರಿಸರಪ್ರಿಯರು ಆಕ್ಷೇಪಿಸಿದರು. ಡಕಾಯಿತರಿಗಿಂತ ಹದ್ದುಗಳ ಸಂಖ್ಯೆಯೇ ಚಿಂತೆ ಹುಟ್ಟಿಸುವಷ್ಟು ಇಳಿದಿರುವಾಗ ಪ್ರಬಂಧಕಾರರ ಮತವೂ ಹದ್ದುಗಳ ಕಡೆಗೇ.

ಕೊನೆಯದಾಗಿ ತೌಲನಿಕ ಅಧ್ಯಯನ. ಕುಷ್ಟಗಿ ಇರುವ ಕೊಪ್ಪಳ ಜಿಲ್ಲೆಯಲ್ಲೇ, ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಮೇಲೆ ಸೆಟ್ಟಿನಂಥದ್ದೇ ಒಂದು ಊರಿದೆ. ಕ್ರಿ.ಪೂ. 800ರಿಂದ 200ರ ನಡುವಿನ, ಸುಮಾರು 400 ಶಿಲಾಸಮಾಧಿಗಳ ಊರು. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಎದುರಿನ ಕಲ್ಲಿಗೆ ದುಂಡನೆ ಕಂಡಿ ಕೊರೆದ ಮನೆಗಳು. ಬಡಿದರೆ ದೂರಕ್ಕೆ ಕೇಳಿಸುವ ನಗಾರಿಯಂಥ ಕಲ್ಲುಗುಂಡು. ಇವನ್ನು ಯಾವ ಕಲಾನಿರ್ದೇಶಕರೂ ಬಿಚ್ಚಿಕೊಂಡು ಹೋಗಿಲ್ಲ. 2021ರಲ್ಲಿ ಈ ಊರು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ಸಂಶೋಧಕರ ಕಣ್ಣಿಗೆ ಬೀಳುವ ಲೋಪ ಒಂದೇ: ಎಲ್ಲವೂ ಇದೆ. ಇರುವುದನ್ನು ತೋರಿಸಲು ಆಟೋದವರಿಗೂ ಉತ್ಸಾಹ ಕಡಿಮೆ, ನೋಡಲು ನಮಗೂ ಕಡಿಮೆ.

ಆದರೂ ಹೋಗುವವರು ಗಂಗಾವತಿ–ಕೊಪ್ಪಳ ರಸ್ತೆಯ ಹಿರೇಬೆಣಕಲ್ಲಿನಲ್ಲಿ ಇಳಿದು, ದಾರಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು, ಬಿಸಿಲೇರುವ ಮುಂಚೆ ಗುಡ್ಡ ಹತ್ತಿರಿ. ಕಲ್ಲಿನ ಮೇಲೆ ಹೆಸರು ಬರೆಯುವ ಚಟವಿದ್ದವರು ಬಣ್ಣದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ನೀರು, ಬುತ್ತಿ ಕಟ್ಟಿಕೊಂಡೇ ಹೋಗಿರಿ. ಮೇಲೆ ಅಂಗಡಿ ಇಲ್ಲ.