ಹೊರಹಳ್ಳಿಗೆ ಹೋದ ಮೇಷ್ಟ್ರು

ಇಟ್ರಿಯಂ, ಟರ್ಬಿಯಂ, ಎರ್ಬಿಯಂ, ಇಟರ್ಬಿಯಂ. ನಾಲ್ಕು ಮೂಲವಸ್ತುಗಳಿಗೂ ಹೆಸರು ಕೊಟ್ಟಿದ್ದು ಸ್ವೀಡನ್ನಿನ ಇಟರ್ಬಿ ಎಂಬ ಒಂದೇ ಹಳ್ಳಿ. ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದಷ್ಟು ಕಾಲವೂ ಹುಡುಗರು ಆಕಳಿಸುವವರೆಗೆ ಇದನ್ನು ಹೇಳಿದವನು ನಾನು. ನಿವೃತ್ತಿಯಾದ ಮೇಲೆ ಗೊಥೆನ್‌ಬರ್ಗ್‌ನ ಮಗಳ ಮನೆಗೆ ಹೋದರೆ, ರೈಲುಗಳ ಪಟ್ಟಿಯಲ್ಲೇ ‘ಇಟರ್ಬಿ’ ಕಾಣಬೇಕೆ! ಅರ್ಧ ಗಂಟೆಯ ದಾರಿಯೂ ಅಲ್ಲ. ಮಗಳನ್ನೇಕೆ ಕೇಳುವುದು, ನನಗೆ ಗೊತ್ತಿಲ್ಲದ ಊರೇ? ಹೆಂಡತಿಯನ್ನು ಹೊರಡಿಸಿದೆ. ಅವಳು ಪುಳಿಯೋಗರೆ ಕಟ್ಟಿಕೊಂಡಳು.

ರೈಲಿನಲ್ಲಿ ಪಾಠ ಶುರು. 1787ರಲ್ಲಿ ಅರೇನಿಯಸ್ ಎಂಬ ಸೇನಾಧಿಕಾರಿಗೆ ಅಲ್ಲಿನ ಗಣಿಯಲ್ಲಿ ಭಾರದ ಕರಿಗಲ್ಲೊಂದು ಸಿಕ್ಕಿತು. ಪಿಂಗಾಣಿಗೆ ಬೇಕಾದ ಫೆಲ್ಡ್‌ಸ್ಪಾರ್ ತೆಗೆಯುತ್ತಿದ್ದ ಗಣಿ ಅದು. “ಅಯಾನುಗಳ ಅರೇನಿಯಸ್ ಬೇರೆ, ಇವನು ಬೇರೆ, ಹೆಸರು ಒಂದೇ ಅಂತ ಗೊಂದಲ ಮಾಡಿಕೋಬಾರದು,” ಎಂದು ಅವಳನ್ನು ಎಚ್ಚರಿಸಿದೆ. 1794ರಲ್ಲಿ ಗ್ಯಾಡೊಲಿನ್ ಎಂಬ ರಸಾಯನಶಾಸ್ತ್ರಜ್ಞ ಆ ಕಲ್ಲಿನಲ್ಲಿ ಹೊಸ ಆಕ್ಸೈಡ್ ಇದೆಯೆಂದು ತೋರಿಸಿದ. ಆ ಕಲ್ಲಿಗೇ ಮುಂದೆ ಗ್ಯಾಡೊಲಿನೈಟ್ ಎಂಬ ಹೆಸರು ಬಂತು.

ಇಳಿದವನೇ ನಿಲ್ದಾಣದ ಹೊರಗೆ ಕರಿಗಲ್ಲೊಂದನ್ನು ಎತ್ತಿ, “ನೋಡು, ಗ್ಯಾಡೊಲಿನೈಟ್!” ಎಂದೆ.

“ರೀ, ಅದು ಜಲ್ಲಿ.”

ಅವಳ ಅಪ್ಪ ರಸ್ತೆ ಕಂಟ್ರಾಕ್ಟರು. ಆದರೂ ನಾನು ಸೋಲಲಿಲ್ಲ. ನಾಯಿ ಹಿಡಿದುಕೊಂಡು ಬರುತ್ತಿದ್ದ ಹಿರಿಯರೊಬ್ಬರನ್ನು ತಡೆದು, ಕಲ್ಲು ತೋರಿಸಿ, ಗಣಿ ಎಲ್ಲಿ ಎಂದು ಕೇಳಿದೆ. ಅವರು ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು, ನಾಯಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡರು. ಗಣಿಯ ಇಟರ್ಬಿ ಸ್ಟಾಕ್‌ಹೋಮ್ ಹತ್ತಿರದ ದ್ವೀಪದಲ್ಲಿದೆಯಂತೆ. ಅಂದರೆ ದೇಶದ ಇನ್ನೊಂದು ಅಂಚು, ರಸ್ತೆಯಲ್ಲಿ 400 ಕಿಲೋಮೀಟರಿಗೂ ಹೆಚ್ಚು. ಇಟರ್ಬಿ ಎಂದರೆ ಹೊರಗಿನ ಹಳ್ಳಿ ಎಂದಷ್ಟೇ ಅರ್ಥ. ನಮ್ಮ ಹೊಸಹಳ್ಳಿಗಳ ಹಾಗೆ, ಯಾವ ದಿಕ್ಕಿಗೆ ಹೋದರೂ ಒಂದು ಎದುರಾದೀತು. ಈ ಅರ್ಥವನ್ನು ನಾನೇ ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕಕ್ಕೆ ಕೇಳುತ್ತಿದ್ದೆ.

ಬೆಂಚಿನ ಮೇಲೆ ಪುಳಿಯೋಗರೆ ಬಿಚ್ಚಿದೆವು. ಮಾನ ಉಳಿಸಿಕೊಳ್ಳಲು ನನ್ನಲ್ಲಿ ಇನ್ನೊಂದು ಸಂಗತಿ ಬಾಕಿಯಿತ್ತು. 1843ರಲ್ಲಿ ಮೊಸಾಂಡರ್ ಎಂಬ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಗ್ಯಾಡೊಲಿನ್ ಕಂಡ ಆ ಆಕ್ಸೈಡನ್ನು ಬೇರ್ಪಡಿಸಿ, ಹೊಸದಾಗಿ ಸಿಕ್ಕ ಎರಡಕ್ಕೆ ಟರ್ಬಿಯಾ, ಎರ್ಬಿಯಾ ಎಂದು ಹೆಸರಿಟ್ಟ. ಆಮೇಲೆ ಬಂದ ಪಂಡಿತರು ಯಾವುದು ಯಾವುದೆಂದು ತಿಳಿಯದೆ ಹೆಸರುಗಳನ್ನು ಅದಲುಬದಲು ಮಾಡಿದರು. ಇವತ್ತಿಗೂ ಅದನ್ನು ಯಾರೂ ತಿದ್ದಿಲ್ಲ.

“ಅಂಥವರೇ ಎಡವಿದ್ದಾರೆ ಕಣೇ,” ಎಂದೆ.

“ಎಡವಲಿ ಬಿಡಿ,” ಎಂದಳು ಕೈ ತೊಳೆಯುತ್ತ, “ಅವರು ಹೆಂಡತೀನ ರೈಲು ಹತ್ತಿಸಿರಲಿಲ್ಲ.”