ಗಣಿತ ಬಿಟ್ಟವರಿಗೆ ಸಾರ್ವಜನಿಕ ಸನ್ಮಾನ

ಎಸ್ಸೆಸ್ಸೆಲ್ಸಿ ಮುಗಿದದ್ದೇ ತಡ, 'ಇನ್ನು ಈ ಜನ್ಮಕ್ಕೆ ಗಣಿತದ ಸಹವಾಸ ಸಾಕು' ಎಂದು ಕೈ ತೊಳೆದುಕೊಂಡ ಹುಡುಗ ಹುಡುಗಿಯರಿಗೆ ದೊಡ್ಡಬಳ್ಳಾಪುರದಲ್ಲೊಂದು ಸಾರ್ವಜನಿಕ ಸನ್ಮಾನ ಆಗಬೇಕು. ಖರ್ಚಿನ ಚಿಂತೆ ಬೇಡ. ಶಾಮಿಯಾನ ಲೇಔಟಿನವರದು, ಶಾಲು-ಹಾರ ಬೈಕ್ ಸಾಲದವರದು, ಊಟ ಮೀಟರ್ ಬಡ್ಡಿಯವರದು. ಇಷ್ಟು ವರ್ಷ ಅವರ ಮನೆಯ ಒಲೆ ಉರಿದದ್ದು ಯಾರ ದಯೆಯಿಂದ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅವರು ಗಣಿತ ಬಿಟ್ಟವರಲ್ಲ.

"ತರಕಾರಿ ತರೋಕೆ ಆಲ್ಜೀಬ್ರಾ ಬೇಕಾ ಸಾರ್?" ಎಂಬುದು ಡಿಗ್ರಿ ಕಾಲೇಜುಗಳ ಕಾರಿಡಾರಿನ ನಿತ್ಯ ಸುಪ್ರಭಾತ. ಖಂಡಿತ ಬೇಡಪ್ಪ. ಸೈಟು ತರೋಕೆ ಬೇಕು.

ರೈತ ಜಮೀನು ಮಾರುವುದು ಎಕರೆ ಲೆಕ್ಕದಲ್ಲಿ. ನೀವು ಕೊಳ್ಳುವುದು ಚದರಡಿ ಲೆಕ್ಕದಲ್ಲಿ. ಈ ಎರಡು ಲೆಕ್ಕಗಳ ನಡುವೆ ಒಬ್ಬ ಮಹಾನುಭಾವ ಕಾರು ನಿಲ್ಲಿಸಿಕೊಂಡು ಕೂತಿರುತ್ತಾನೆ. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. 40 ಗುಂಟೆಗೆ ಒಂದು ಎಕರೆ, 43,560 ಚದರಡಿ. ಎಕರೆಗೆ ಒಂದು ಕೋಟಿ ಕೊಟ್ಟ ಅಂತಿಟ್ಟುಕೊಳ್ಳಿ, ಚದರಡಿಗೆ 230 ರೂಪಾಯಿ ಬಿತ್ತು. ರಸ್ತೆ, ಪಾರ್ಕು, ಚರಂಡಿ ಎಂದು ಶೇ. 45 ಬಿಟ್ಟರೂ 30-40ರ ಸೈಟು ಹೆಚ್ಚುಕಡಿಮೆ ಇಪ್ಪತ್ತು ಸಿಗುತ್ತವೆ. ಸೈಟಿಗೆ 20 ಲಕ್ಷವೆಂದರೆ ಒಟ್ಟು ನಾಲ್ಕು ಕೋಟಿ. ಟಾರು, ಕಾಂಪೌಂಡು, ಕಮಾನು, ಆಫೀಸುಗಳ 'ಖರ್ಚು' ಎಲ್ಲ ಕಳೆಯಿರಿ. ಕಳೆಯುವುದನ್ನಂತೂ ಮೂರನೇ ಕ್ಲಾಸಿನಲ್ಲೇ ಕಲಿತಿದ್ದೀರಲ್ಲ. ತಮಾಷೆಯೆಂದರೆ, ಅಪ್ಪ ಎಕರೆಯಲ್ಲಿ ಮಾರಿದ ನೆಲವನ್ನೇ ಹತ್ತು ವರ್ಷ ಬಿಟ್ಟು ಮಗ ಚದರಡಿಯಲ್ಲಿ ಕೊಳ್ಳಲು ಹೋಗುತ್ತಾನೆ. ಪುಕ್ಕಟೆ ಸೈಟ್ ವಿಸಿಟ್, ಜೊತೆಗೆ ಬಾಕ್ಸ್ ಊಟ.

ಕರಪತ್ರದಲ್ಲಿ 'ವಿಮಾನ ನಿಲ್ದಾಣಕ್ಕೆ ಬರೀ 15 ನಿಮಿಷ' ಎಂದಿರುತ್ತದೆ. ದೊಡ್ಡಬಳ್ಳಾಪುರದಿಂದ ಇಪ್ಪತ್ತು ಕಿಲೋಮೀಟರಿಗೂ ಮೀರಿದ ದಾರಿ. ವೇಗವೆಂದರೆ ದೂರ ಭಾಗಿಸು ಕಾಲ ಎಂಬುದು ನೆನಪಿದ್ದವರಿಗೆ ಗೊತ್ತಾಗುತ್ತದೆ: ಗಂಟೆಗೆ 80 ಕಿಲೋಮೀಟರಿಗೂ ಮೇಲೆ, ಸಿಗ್ನಲ್ಲಿಗೆ ನಿಲ್ಲದೆ, ರಸ್ತೆಯ ಹಂಪ್‌ಗೆ ಜಗ್ಗದೆ, ಅಡ್ಡ ಬಂದ ಎಮ್ಮೆಗೂ ಹೆದರದೆ ಓಡಿಸಬೇಕು. ಹಾಗೆ ಓಡಿಸುವವನು ವಿಮಾನ ನಿಲ್ದಾಣಕ್ಕಲ್ಲ, ನೇರ ಆಕಾಶಕ್ಕೇ ಹೋಗುತ್ತಾನೆ.

ಇನ್ನು ಶೋರೂಮು. "ಬ್ರೋ, ಫ್ಲಾಟ್ ಹನ್ನೆರಡು ಪರ್ಸೆಂಟು. ಲಕ್ಷಕ್ಕೆ ಮೂರು ವರ್ಷ, ತಿಂಗಳಿಗೆ 3,778. ದಿನಕ್ಕೆ ಎಷ್ಟಾಯ್ತು? ಬರೀ 126 ರೂಪಾಯಿ! ಟೀ-ಪಫ್ ಬಿಟ್ರೆ ಬೈಕ್ ನಿಮ್ದು." ಎಂಥ ಭಾಗಾಕಾರ ನೋಡಿ! ಸೇಲ್ಸ್‌ಮನ್ ಮಾಡದೆ ಬಿಟ್ಟ ಭಾಗಾಕಾರ ಇನ್ನೊಂದಿದೆ. ಕಂತು ಕಟ್ಟುತ್ತಾ ಹೋದಂತೆ ಅಸಲು ಕರಗುತ್ತದೆ, ಬಡ್ಡಿ ಮಾತ್ರ ಮೊದಲ ದಿನದ ಒಂದು ಲಕ್ಷದ ಮೇಲೇ ಕೂತಿರುತ್ತದೆ. ಮೂವತ್ತಾರನೇ ತಿಂಗಳು ಉಳಿದ ಅಸಲು 2,778 ರೂಪಾಯಿ, ಅದರ ಒಂದು ತಿಂಗಳ ಬಡ್ಡಿ 1,000! ಕರಗುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಈ ಹನ್ನೆರಡು ನಿಜಕ್ಕೂ ಇಪ್ಪತ್ತೊಂದು ದಾಟುತ್ತದೆ. 2024ರ ಅಕ್ಟೋಬರ್ 1ರಿಂದ ಸಾಲಪತ್ರದ ಜೊತೆ ಎಪಿಆರ್ ಎಂಬ ಅಸಲಿ ವಾರ್ಷಿಕ ದರವನ್ನು ಮುದ್ರಿಸಿ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ. ಕೊಡುತ್ತಾರೆ. ಸಹಿ ಹಾಕುವ ಹುಡುಗ ಆ ಹೊತ್ತಿಗೆ ಹೆಲ್ಮೆಟ್ಟಿನ ಬಣ್ಣ ಆರಿಸುತ್ತಿರುತ್ತಾನೆ.

ಇದೇ ಹುಡುಗ ಮೊಬೈಲಿನ ಫ್ಯಾಂಟಸಿ ಆಟದಲ್ಲಿ ಕ್ರಿಕೆಟ್ ತಂಡ ಕಟ್ಟಿ ಕೋಟ್ಯಧಿಪತಿಯಾಗಲು ಹೊರಟಿದ್ದ. 22 ಆಟಗಾರರಲ್ಲಿ 11 ಮಂದಿಯನ್ನು ಆರಿಸಲು 7,05,432 ದಾರಿಗಳಿವೆ. ನಾಯಕ, ಉಪನಾಯಕರನ್ನೂ ಸೇರಿಸಿದರೆ ಏಳೂಮುಕ್ಕಾಲು ಕೋಟಿ. 2011ರ ಜನಗಣತಿಯಂತೆ ಇಡೀ ಕರ್ನಾಟಕದ ಜನ ಸುಮಾರು 6.11 ಕೋಟಿ. ಮನೆಮನೆಯಿಂದ ಹಸುಗೂಸನ್ನೂ ಎಬ್ಬಿಸಿ ಒಂದೊಂದು ತಂಡ ಕಟ್ಟಿಸಿದರೂ ಇನ್ನೂ ಕೋಟಿಗೂ ಮೀರಿ ತಂಡ ಉಳಿಯುತ್ತವೆ. ಇಂಥ ಆನ್‌ಲೈನ್ ದುಡ್ಡಿನ ಆಟಗಳನ್ನು 2025ರಲ್ಲಿ ಸಂಸತ್ತು ಕಾನೂನು ತಂದು ನಿಲ್ಲಿಸಬೇಕಾಯಿತು. ಪಿಯುಸಿಯ ಒಂದು ಪಾಠ ಮಾಡಬಹುದಾಗಿದ್ದ ಕೆಲಸಕ್ಕೆ ಎರಡೂ ಸದನ ಕೂರಬೇಕಾಯಿತು.

ಸರ್ಕಾರಕ್ಕೂ ಲೆಕ್ಕ ಬರುತ್ತದೆ, ತನ್ನದೇ ಬಗೆಯಲ್ಲಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯನ್ನೇ ನೋಡಿ. ಹಿಂದೆ ತಿಂಗಳಿಗೆ ಸರಾಸರಿ 60 ಯೂನಿಟ್ ಉರಿಸಿ ಮಿತವಾಗಿ ಬಾಳಿದವನಿಗೆ ಶೇ. 10 ಸೇರಿಸಿ 66 ಉಚಿತ. 180 ಉರಿಸಿದ ಧಾರಾಳಿಗೆ 198. ಇನ್ನು 200 ದಾಟಿತೋ, ಒಂದು ಯೂನಿಟ್ಟಿಗಲ್ಲ, ಪೂರ್ತಿಗೆ ಬಿಲ್ಲು. ಹಾಗಾಗಿ ತಿಂಗಳ ಕೊನೆಯಲ್ಲಿ ಮೀಟರ್ ಬೋರ್ಡಿನ ಮುಂದೆ ಕನ್ನಡಕ ಏರಿಸಿ ನಿಂತ ಅಜ್ಜಿ, "ಫ್ಯಾನ್ ಆರ್ಸೋ, ನೂರತೊಂಬತ್ತಾರಾಯ್ತು" ಎಂದು ಕೂಗುತ್ತಾಳೆ. ಹೀಗೆ ಒಮ್ಮೆಗೇ ಜಿಗಿಯುವ ಸ್ಟೆಪ್ ಫಂಕ್ಷನ್ ಎಂದರೇನೆಂದು ಕೇಳಿದರೆ ತಲೆ ಕೆರೆಯುವ ಬಿ.ಎ. ಮೊಮ್ಮಗ ಎದ್ದು ಹೋಗಿ ಫ್ಯಾನ್ ಆರಿಸುತ್ತಾನೆ.

'ಹಾಗಾದರೆ ನಿತ್ಯಜೀವನದ ಗಣಿತ ಕಲಿಸೋಣ' ಎಂದು ಶಿಕ್ಷಣ ತಜ್ಞರು ಹೊರಟಾಗೆಲ್ಲ ಬರುವುದು ಅದೇ ದೋಣಿ, ಅದೇ ನಲ್ಲಿ. ಹೊಳೆಯ ಹರಿವಿನ ಜೊತೆ ದೋಣಿಯ ವೇಗವೆಷ್ಟು? ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ಊರಿನ ಮೇಲೆ ಹಾಯುವ ಅರ್ಕಾವತಿಯಲ್ಲಿ ದೋಣಿ ಬಿಡಬೇಕಾದರೆ ಮೊದಲು ದೋಣಿಗೆ ಚಕ್ರ ಹಾಕಿಸಬೇಕು. ಎರಡು ನಲ್ಲಿ ಸೇರಿ ತೊಟ್ಟಿ ತುಂಬಲು ಎಷ್ಟು ಹೊತ್ತು? ಮೊದಲು ನಲ್ಲಿಯಲ್ಲಿ ನೀರು ಯಾವ ದಿನ ಬರುತ್ತದೆ ಹೇಳಿ ಸ್ವಾಮಿ, ತೊಟ್ಟಿ ನಾವು ತುಂಬಿಸಿಕೊಳ್ಳುತ್ತೇವೆ.

ಕನ್ನಡಕ್ಕೆ ನಿತ್ಯಜೀವನದ ಗಣಿತವೇನು ಹೊಸ ವಿದ್ಯೆಯಲ್ಲ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದು ಅದಕ್ಕೆ 'ವ್ಯವಹಾರಗಣಿತ' ಎಂದು ಹೆಸರಿಟ್ಟ. ಅವನಿಗೂ ಮುನ್ನ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದ 'ಗಣಿತಸಾರಸಂಗ್ರಹ'ದಲ್ಲಿ ಅಡುಗೆಯಿಂದ ಕಾಮಶಾಸ್ತ್ರದವರೆಗೆ ಗಣಿತ ಬೇಡದ ವಿದ್ಯೆಯೇ ಇಲ್ಲವೆಂದು ಪಟ್ಟಿ ಕೊಟ್ಟು, ಅಸಲು-ಬಡ್ಡಿಯ ಲೆಕ್ಕಗಳನ್ನೇ ರಾಶಿ ಹಾಕಿದ. ಸಾವಿರ ವರ್ಷದ ಹಿಂದಿನ ವಿದ್ಯಾರ್ಥಿ ಬಡ್ಡಿ ಲೆಕ್ಕ ಹಾಕುತ್ತಿದ್ದ. ಈಗಿನವನು ಬಡ್ಡಿ ಕಟ್ಟುತ್ತಾನೆ.

ಊರಿನಲ್ಲಿ ಗಣಿತಕ್ಕೇನು ಬರವೇ? ಮಗ್ಗದ ಮೇಲೆ ಕೂತ ಜಕಾರ್ಡನ್ನು ನೋಡಿ. ಕಾರ್ಡಿನಲ್ಲಿ ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಇದ್ದು-ಇಲ್ಲಗಳಲ್ಲೇ ಸೀರೆಯ ಅಂಚಿಗೆ ನವಿಲು ಬಂದು ಕೂರುತ್ತದೆ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಈ ತೂತಿನ ಕಾರ್ಡುಗಳನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ಪಡೆದ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಈ ಲೆಕ್ಕದ ಮೇಲೆ ಸಂಸಾರ ತೂಗಿಸುವ ಅಮ್ಮ ನೂಲಿನ ಕೋನು ಕೈಯಲ್ಲಿ ಹಿಡಿದು ಇನ್ನೆಷ್ಟು ಸೀರೆ ಇಳಿದೀತು ಎಂದು ಹೇಳಬಲ್ಲಳು. ಮಗ್ಗದ ಸದ್ದಿನಲ್ಲೇ ಬೆಳೆದ ಮಗ ಮಾತ್ರ ಅನುಪಾತ ತನ್ನ ತಲೆಗೆ ಹತ್ತುವುದಿಲ್ಲ ಎನ್ನುತ್ತಾನೆ.

ಸುಳ್ಳು. ಹತ್ತುತ್ತದೆ. ಹಾಜರಾತಿ ಶೇ. 75 ಇರಬೇಕೆಂದು ನೋಟಿಸ್ ಬೋರ್ಡಿನಲ್ಲಿ ಅಂಟಿಸಿ ನೋಡಿ. 'ಸೆಮಿಸ್ಟರಿಗೆ 45 ಕ್ಲಾಸು, 34ಕ್ಕೆ ಹೋದ್ರೆ ಸಾಕು, 11 ಬಂಕು' ಎಂದು ಕಾಗದ-ಪೆನ್ನಿಲ್ಲದೆ, ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತೇ ಹೇಳುತ್ತಾನೆ. ದಶಮಾಂಶ ಬಂದರೆ ಯಾವ ಕಡೆಗೆ ಪೂರ್ಣ ಮಾಡಬೇಕೆಂಬುದೂ ಗೊತ್ತು. ಹನ್ನೊಂದು ಕ್ಲಾಸು ತಪ್ಪಿಸಲು ಈ ಪಾಟಿ ಬರುವ ಶೇಕಡಾವಾರು, ಮೂವತ್ತಾರು ಕಂತಿನ ಮುಂದೆ ಕೂತ ತಕ್ಷಣ ಮರೆತುಹೋಗುತ್ತದೆ. ಇದು ದಡ್ಡತನವಲ್ಲ ಬಿಡಿ. ಕ್ಲಾಸು ಅಂದರೆ ಅವನಿಗೆ ಜೀವಕ್ಕೆ ಬಂದ ಸಂಕಟ, ತಪ್ಪಿಸಿಕೊಳ್ಳಲೇಬೇಕು. ಸಾಲ ಹಾಗಲ್ಲವಲ್ಲ, ಅದಕ್ಕೆ ತಾನೇ ಹುಡುಕಿಕೊಂಡು ಹೋಗಿ, ನೂರಕ್ಕೆ ನೂರು ಹಾಜರಾತಿ ಹಾಕಿಸಿಕೊಳ್ಳುತ್ತಾನೆ.