ಗುಟ್ಟು ಬಚ್ಚಿಡದ ಮೂರು ತಿಂಗಳು

ಮಲ್ಲಟದ ಕಡೆ ಸೊಸೆ ಬಸುರಿ ಎಂಬ ಸುದ್ದಿಯನ್ನು ಮೂರು ತಿಂಗಳು ಯಾರಿಗೂ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ನಿನ್ನೆಯವರೆಗೆ ತಾನೇ ಬಡಿಯುತ್ತಿದ್ದ ಜೋಳದ ರೊಟ್ಟಿಯ ವಾಸನೆಗೆ ಆಕೆ ಸೆರಗು ಮೂಗಿಗೆ ಹಿಡಿದು ಬಚ್ಚಲಿಗೆ ಓಡಿದರೆ ಸಾಕು, ಬಾಜೂಮನೆಯ ಅಜ್ಜಿ ಗೋಡೆಯಾಚೆಯಿಂದಲೇ ಕೂಗುತ್ತಾಳೆ: “ಏನವಾ, ಎಷ್ಟ್ ತಿಂಗಳಾದ್ವು?”

ಡಾಕ್ಟರ ಲೆಕ್ಕ ಇನ್ನೂ ತಮಾಷೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಅಂದರೆ ಮೊದಲ ಎರಡು ವಾರ ಹೊಟ್ಟೆಯಲ್ಲಿ ಯಾರೂ ಇರುವುದಿಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ. ಆರನೇ ವಾರದ ಹೊತ್ತಿಗೆ ಹೃದಯ ಮಿಡಿಯುತ್ತದೆ. ಎಂಟನೇ ವಾರಕ್ಕೆ ಒಳಗಿನ ಧಣಿ ಸುಮಾರು 1.5 ಸೆಂಟಿಮೀಟರ್, ಹುಣಸೆ ಬೀಜದಷ್ಟು. ಅಷ್ಟಕ್ಕೇ ಮನೆಯ ಕಾರಭಾರ ಪೂರ್ತಿ ಅದರ ಕೈಗೆ: ಅವ್ವನಿಗೆ ಹಗಲೆಲ್ಲ ಜೊಂಪು, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಾಟ. ಎಚ್‌ಸಿಜಿ ಎಂಬ ಹಾರ್ಮೋನು ಏರುವ ಈ ವಾರಗಳಲ್ಲೇ ವಾಂತಿಯೂ ಜೋರು. ಬಯಕೆಗೆಂದು ತಂದ ಹುಣಸೆಹಣ್ಣನ್ನು ಅರ್ಧ ಗಂಡನೇ ಚೀಪಿ ಮುಗಿಸುವುದು ಬೇರೆ ಮಾತು.

ಮಣ್ಣು, ಬಳಪ ತಿನ್ನುವ ಬಯಕೆಗೆ ಮಾತ್ರ ನಗಬೇಡಿ. ಅದು ರಕ್ತಹೀನತೆಯ ಸೂಚನೆ ಇರಬಹುದು. ಮಗುವಿನ ಮಿದುಳು, ಬೆನ್ನುಹುರಿಯ ಬುನಾದಿ ಬೀಳುವುದು ಈ ಗುಟ್ಟಿನ ದಿನಗಳಲ್ಲೇ. ಫೋಲಿಕ್ ಆಸಿಡ್ ಗುಳಿಗೆ ಬೇಕಾಗುವುದೂ ಆಗಲೇ. ಊರಿಗೆ ಹೇಳದಿದ್ದರೆ ಬಿಡಿ, ಆಶಾ ಕಾರ್ಯಕರ್ತೆಗೆ ಗೊತ್ತಾದ ಕೂಡಲೇ ಹೇಳಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ.